ರಬ್ಬರ್ ಮೀನು ಮತ್ತು ಕಾಕಾನ ಹಿಡಿ ಹಿಟ್ಟು

ಮೀನಿನ ವಿಷಯಕ್ಕೆ ಬಂದರೆ ನಮ್ಮ ಮನೆಯಲ್ಲಿ ಯಾರ ತಲೆಯೂ ನೆಟ್ಟಗಿರುವುದಿಲ್ಲ. ನನ್ನದೂ ಇರುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚಿತ್ತಾಪುರಕ್ಕೂ ಸೇಡಂಗೂ ನಡುವೆ, ಕಾಗಿಣಾ ದಂಡೆಯ ಮೇಲೆ ನಮ್ಮೂರು. ಅಜ್ಜನ ಕಾಲದಲ್ಲಿ ಮನೆಯವರೆಲ್ಲ ಜನರನ್ನು ಹೊಳೆ ದಾಟಿಸಿ, ಮೀನು ಹಿಡಿದು ಹೊಟ್ಟೆ ಹೊರೆದರು. ಆಮೇಲೆ ಸೇತುವೆ ಬಂತು, ಸಿಮೆಂಟ್ ಬಂತು. ಅಣ್ಣ ವಾಡಿಯ ಕಾರ್ಖಾನೆಯೊಂದರಲ್ಲಿ ಚೀಲ ತುಂಬುವ ಕೆಲಸಕ್ಕೆ ಸೇರಿದ. ನಾನು ಸೇಡಂ ಹತ್ತಿರದ ಇನ್ನೊಂದು ಕಾರ್ಖಾನೆಯ ಲ್ಯಾಬಿನಲ್ಲಿ ದಿನವಿಡೀ ಸಿಮೆಂಟ್ ಪುಡಿ ಜರಡಿ ಹಿಡಿಯತೊಡಗಿದೆ. ಹೊಳೆಯ ಜೊತೆ ಮಾತು ಬಿಡದೆ ಉಳಿದವನು ಕಾಕಾ ಒಬ್ಬನೇ.

ಕಾಕಾ ಎಂದರೆ ಅಪ್ಪನ ತಮ್ಮ. ನಾವಿಬ್ಬರೂ ಸಣ್ಣವರಿದ್ದಾಗಲೇ ಅಪ್ಪ ತೀರಿಕೊಂಡ. ಅಂದಿನಿಂದ ಕಾಕಾ ಮದುವೆಯ ಮಾತೆತ್ತದೆ ನಮ್ಮನ್ನು ಸಾಕಿದ. ಅವನಿಗೆ ಹೊಲವಿಲ್ಲ, ನೌಕರಿಯಿಲ್ಲ. ಇದ್ದದ್ದು ಒಂದು ಹರಗೋಲು, ಒಂದಿಷ್ಟು ಗಾಳ, ಮತ್ತು ಮನೆಯಲ್ಲಿ ಒಂದು ಅಧಿಕಾರ. ಆ ಅಧಿಕಾರ ಏನೆಂದು ಹೇಳದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ನಮ್ಮಲ್ಲಿ ಹೆಣ್ಣಿನ ನಿಶ್ಚಯವಾದ ಮೇಲೆ ಬೀಗರು ಮೊದಲ ಸಲ ಊಟಕ್ಕೆ ಬರುತ್ತಾರಲ್ಲ, ಆ ದಿನದ ಮೀನು ಬಜಾರಿನದಾಗಬಾರದು. ಮನೆಯವರೇ ಅದೇ ಬೆಳಿಗ್ಗೆ ಹಿಡಿದು ತರಬೇಕು. ಹಿಡಿದವನು ಹಿರಿಯ ಬೀಗರ ಬಲಕ್ಕೆ ಕೂಡುತ್ತಾನೆ. ಮೀನಿನ ತಲೆ ಅವನ ತಾಟಿಗೆ. ಅವನು ಮೊದಲ ತುತ್ತು ಬಾಯಿಗಿಡುವ ತನಕ ಬೀಗರು ಕೈ ಹಚ್ಚುವುದಿಲ್ಲ. ಅತ್ತೆಯಂದಿರ ಮದುವೆಗಳಲ್ಲೆಲ್ಲ ಆ ಜಾಗದಲ್ಲಿ ಕೂತವನು ಕಾಕಾ. ಮನೆಯಲ್ಲಿ ಬೇರೆ ಯಾವ ವಿಷಯಕ್ಕೂ ಅವನ ಮಾತು ಕೇಳುವವರಿರಲಿಲ್ಲ, ಆದರೆ ಆ ಒಂದು ದಿನ ಅವನೇ ಯಜಮಾನ.

ಮನೆಯ ಮಗಳಾದ ನನ್ನ ಮದುವೆ ಸನ್ನತಿಯ ಕಡೆ ಗೊತ್ತಾಯಿತು. ಅವರೂ ಹೊಳೆಯವರೇ, ಭೀಮಾ ದಂಡೆಯವರು, ಅವರಲ್ಲೂ ಇದೇ ಪದ್ಧತಿ. ಮೀನಿನ ವಿಷಯದಲ್ಲಿ ಅವರ ಕಣ್ಣಿಗೆ ಮಣ್ಣೆರಚುವ ಹಾಗಿರಲಿಲ್ಲ. ತೊಡಕು ಇದ್ದದ್ದು ನಮ್ಮ ಕಡೆ. ಹಿಂದಿನ ವರ್ಷ ಕಾಕಾನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಮಾತು ಮರಳಿತು, ಕಾಲು ಮರಳಿತು, ಕೈ ಮಾತ್ರ ಮರಳಲಿಲ್ಲ. ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದೆಂದು ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂಡುತ್ತಿದ್ದ. ಅವ್ವ ತುತ್ತು ಮಾಡಿ ಕೊಡಲು ಹೋದರೆ ತಾಟು ಸರಿಸಿ ಎದ್ದುಬಿಡುತ್ತಿದ್ದ.

ಇದನ್ನೆಲ್ಲ ನೋಡಿಯೇ ಅಣ್ಣ ಈ ಸಲದ ಮೀನು ತಾನು ಹಿಡಿಯುತ್ತೇನೆ ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ಅಣ್ಣನ ಒಳ್ಳೆಯ ಮನಸ್ಸು ಯಾವಾಗಲೂ ಪಾರ್ಸಲ್‌ನಲ್ಲಿ ಬರುತ್ತದೆ. ಫೋನಿನಲ್ಲಿ ಯಾವ ದೇಶದವರೋ ಕಯಾಕ್ ಎಂಬ ಸಪೂರ ದೋಣಿಯಲ್ಲಿ ಕೂತು ಕೆಂಪು ಮೀನು ಹಿಡಿಯುವುದನ್ನು ತಿಂಗಳುಗಟ್ಟಲೆ ನೋಡಿದ್ದ. ಅದನ್ನೇ ತರಿಸಿದ. ಕಿತ್ತಳೆ ಬಣ್ಣದ್ದು, ಗಾಳಿ ತುಂಬುವಂಥದ್ದು. ಪಡಸಾಲೆಯಲ್ಲಿ ಹಾಸಿ ಕಾಲಿನಿಂದ ಪಂಪು ತುಳಿದು ತುಳಿದು ಉಬ್ಬಿಸಿದ. ಅದು ಉಬ್ಬಿ ನಿಂತಾಗ ನಾವೆಲ್ಲ ಗೋಡೆಗೆ ಅಂಟಿಕೊಂಡಿದ್ದೆವು. ಆಮೇಲೆ ನೋಡಿದರೆ ಬಾಗಿಲಲ್ಲಿ ಹಿಡಿಸಲಿಲ್ಲ.

ಕಾಕಾ ಕಟ್ಟೆಯ ಮೇಲಿಂದ ಇಣುಕಿ, "ಬಾಗಲಾ ಒಡೀಬೇಕೇನು, ತಮ್ಮಾ?" ಎಂದು ಕೇಳಿದ.

ಅಣ್ಣ ಅದರ ಗಾಳಿ ಬಿಟ್ಟ. ಅಂಗಳದಲ್ಲಿ ಮತ್ತೆ ಊದಿದ. ಕೆಲಸಕ್ಕೆ ಹೋಗಿ ಬರುವಷ್ಟರಲ್ಲಿ ಅವ್ವ ಅದರೊಳಗೆ ಕೆಂಪು ಮೆಣಸಿನಕಾಯಿ ಒಣಗಿಸಲು ಹರವಿದ್ದಳು. ಇಷ್ಟು ಅಂಚು ಕಟ್ಟಿದ, ಕೋಳಿ ಏರಲಾರದ ಜಾಗ ಅವಳಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಅಣ್ಣ ಝಾಡಿಸಿದ, ಆದರೆ ಬೀಜ ಮೂಲೆಗಳಲ್ಲಿ ಉಳಿದವು. ಮೊದಲ ಸಲ ಹೊಳೆಗಿಳಿದಾಗ ಕೂತಲ್ಲಿ ಕೂಡಲಾರದೆ ಒಂದೇ ಸಮನೆ ಮಿಸುಕಾಡಿದ. ಅದು ಕಯಾಕ್ ನಡೆಸುವ ಶೈಲಿ ಎಂದು ದಂಡೆಯ ಮೇಲಿದ್ದವರು ತಿಳಿದರು.

ಜಗಳ ಹುಟ್ಟಿದ್ದು ದೋಣಿಗಲ್ಲ, ಅದರ ಜೊತೆ ಬಂದ ಡಬ್ಬಿಗೆ. ಡಬ್ಬಿಯ ತುಂಬ ನಕಲಿ ಮೀನು, ನಕಲಿ ಹುಳ, ನಕಲಿ ಕಪ್ಪೆ. ಕಣ್ಣು ಬರೆದಿದ್ದರು, ಹುರುಪೆಗೆ ಹೊಳಪು ಕೊಟ್ಟಿದ್ದರು, ಹೊಟ್ಟೆಯ ಕೆಳಗೆ ಗಾಳ ಬಚ್ಚಿಟ್ಟಿದ್ದರು. ಮಂಚದ ಮೇಲೆ ಕಪ್ಪೆ ಕಂಡ ಅವ್ವ ಕಸಬರಿಗೆಯಿಂದ ಒಂದು ಬಿಟ್ಟಳು. ಅದು ಪುಟಿದು ಬೇಳೆಯ ಪಾತ್ರೆಗೆ ಬಿತ್ತು. ಬೇಳೆಯನ್ನೇನೂ ಚೆಲ್ಲಲಿಲ್ಲ. ತೊಗರಿ ಬೆಳೆಯುವ ಸೀಮೆಯಲ್ಲಿ ಅಂಥ ಕೆಲಸ ಯಾರೂ ಮಾಡುವುದಿಲ್ಲ.

ಕಾಕಾ ಒಂದು ರಬ್ಬರ್ ಮೀನನ್ನು ಎಡಗೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದ.

"ಇದರ ಹೊಟ್ಟ್ಯಾಗ ಏನದ?"

"ಏನೂ ಇಲ್ಲ ಕಾಕಾ. ರಬ್ಬರ್."

"ಮತ್ತ ಮೀನ ಏನ ತಿನ್ನಬೇಕು?"

"ತಿನ್ನಲಿಕ್ಕಲ್ಲ ಇದು. ಹಿಡೀಲಿಕ್ಕ."

ಕಾಕಾ ಅದನ್ನು ಡಬ್ಬಿಯಲ್ಲಿ ಮೆಲ್ಲಗೆ ಇಟ್ಟು ಹೇಳಿದ: "ಉಣ್ಣಾಕ ಕರದು ಖಾಲಿ ತಾಟ ಇಟ್ಟಂಗಾತು. ಹುಳ ನುಂಗಿದ ಮೀನ ಉಂಡು ಸಾಯ್ತದ, ಅದಕ್ಕ ನಮ್ಮ ಮ್ಯಾಲ ಸಿಟ್ಟಿರಂಗಿಲ್ಲ. ಇದನ್ನ ನುಂಗಿದ್ದು ಹಸ್ಗೊಂಡೇ ಸಾಯ್ತದ. ಹಸದ ಮೀನ ಬೀಗರಿಗೆ ಹ್ಯಾಂಗ ಉಣ್ಣಸ್ತಿ?"

ಇದು ಅವನು ಆ ಕ್ಷಣಕ್ಕೆ ಹುಟ್ಟಿಸಿದ ಮಾತಲ್ಲ. ಗಾಳ ಹಾಕುವ ಮೊದಲು ಜೋಳದ ಹಿಟ್ಟಿಗೆ ಶೇಂಗಾ ಹಿಂಡಿ ಕಲಸಿ ಒಂದು ಹಿಡಿ ಹೊಳೆಗೆ ಎಸೆಯದೆ ಅವನು ಎಂದೂ ಕೂತವನಲ್ಲ. ಅದು ಸಿಗದೆ ಹೋಗುವ ಮೀನುಗಳ ಪಾಲು. ಎಸೆಯುವಾಗ "ಉಣ್ರಿ, ಉಂಡು ಹೋಗ್ರಿ" ಎಂದು ಕರೆಯುತ್ತಾನೆ. ಸಣ್ಣವಳಿದ್ದಾಗ ನಾನು ಅದನ್ನು ಮಂತ್ರ ಅಂದುಕೊಂಡಿದ್ದೆ. ಮನೆಗೆ ಬಂದವರಿಗೆಲ್ಲ ಅವನು ಹೇಳುವುದು ಇದನ್ನೇ ಎಂದು ಆಮೇಲೆ ತಿಳಿಯಿತು.

"ಕಾಕಾ, ನಿನ್ನ ಕೈಗೆ ತ್ರಾಸ ಬ್ಯಾಡಂತ ನಾ ಹೇಳಾಕತ್ತೀನಿ," ಎಂದ ಅಣ್ಣ.

"ಹಂಗಾದ್ರ ಆ ದಿನ ನಾ ಏನ ಮಾಡ್ಲಿ? ಬಾಗಲದಾಗ ನಿಂತು ಬೀಗರ ಚಪ್ಪಲಿ ಜೋಡಸ್ಲಿ?"

ಅಣ್ಣ ಡಬ್ಬಿ ಮುಚ್ಚಿದ. ನನಗೆ ಇಬ್ಬರ ಮೇಲೂ ಕೆಂಡದಂಥ ಸಿಟ್ಟು ಬಂತು. ಮದುವೆ ನನ್ನದು. ಸೀರೆ ಯಾವುದೆಂದು ಇನ್ನೂ ಯಾರೂ ಕೇಳಿರಲಿಲ್ಲ. ಮನೆಯಲ್ಲಿ ಹಗಲೆಲ್ಲ ಮೀನಿನ ಹಸಿವಿನ ಚರ್ಚೆ. ಊರಿನ ಚಹಾದಂಗಡಿಯಲ್ಲಿ ಎರಡು ಪಂಗಡವೇ ಆಗಿತ್ತು, ಹಿಟ್ಟಿನವರು ಮತ್ತು ರಬ್ಬರಿನವರು. ಬಸ್ಸಿಗೆ ಕಾಯುತ್ತ ನಿಂತರೆ ಗೊತ್ತಿಲ್ಲದ ಹೆಂಗಸರು ಬಂದು, "ನಿಮ್ಮದ್ರಾಗ ಯಾವುದು ಠರಾವು ಆತವ್ವಾ?" ಎಂದು ಕೇಳುತ್ತಿದ್ದರು.

ಯಾವುದೂ ಠರಾವಾಗಲಿಲ್ಲ. ಬೀಗರು ಬರುವ ದಿನ ಬೆಳಕು ಹರಿಯುವಾಗ ಇಬ್ಬರೂ ಮಡುವಿಗೆ ಹೊರಟರು. ಬೇಸಿಗೆಯಲ್ಲಿ ಕಾಗಿಣಾ ಬತ್ತಿ ಅಲ್ಲಲ್ಲಿ ನಿಲ್ಲುತ್ತದೆ, ನಮ್ಮೂರ ಮಡುವಿನಲ್ಲಿ ಮಾತ್ರ ಆಳ ನೀರು. ಅಣ್ಣ ನೀರಲ್ಲಿ ತೇಲಿಸುವ ಕಿತ್ತಳೆ ಜಾಕೀಟು ತೊಟ್ಟು, ಮೇಲೆ ಕಾರ್ಖಾನೆಯ ಹೆಲ್ಮೆಟ್ಟನ್ನೂ ಹಾಕಿಕೊಂಡಿದ್ದ. ಮೇಲಿಂದ ಏನು ಬೀಳುತ್ತದೆಂದು ಅವನಿಗೆ ಭಯವಿತ್ತೋ, ನಾನು ಕೇಳಲಿಲ್ಲ. ಕಾಕಾನಿಗೆ ಒಂದೇ ಕೈಯಲ್ಲಿ ಹುಟ್ಟು ಹಾಕಲು ಬರುತ್ತಿರಲಿಲ್ಲ. ಹರಗೋಲು ಗಿರಗಿರ ತಿರುಗುತ್ತಿತ್ತು. ಹಾಗಾಗಿ ಮಧ್ಯಾಹ್ನ ಬೀಗರೆದುರು ತಲೆ ತಗ್ಗಿಸಿ ಕೂಡಬೇಕಾದ ನಾನು ಸೀರೆ ಎತ್ತಿ ಸಿಕ್ಕಿಸಿ ಹುಟ್ಟು ಹಿಡಿದೆ. ಬೆನ್ನ ಹಿಂದೆ ದಂಡೆಯ ಮೇಲಿಂದ ಅವ್ವ ನನ್ನ ಬಣ್ಣದ ಬಗ್ಗೆ, ಬಿಸಿಲಿನ ಬಗ್ಗೆ ಕೂಗುತ್ತಲೇ ಇದ್ದಳು.

ಮಡುವಿನ ನಡುವೆ ಬಂದು ಕಾಕಾ ತನ್ನ ಹಿಡಿ ಹಿಟ್ಟು ಎಸೆದ. ಉಣ್ರಿ, ಉಂಡು ಹೋಗ್ರಿ. ಆಮೇಲೆ ಇನ್ನೊಂದು ಹಿಡಿ ತೆಗೆದು ಅಣ್ಣನ ಕಯಾಕ್‌ನ ಸುತ್ತ ಎಸೆದ.

"ಕಾಕಾ, ನನ್ನ ಕಡೆ ಯಾಕ ಒಗೀತಿ?"

"ನೀ ಒಗ್ಯಾಂಗಿಲ್ಲಲ್ಲ. ಮನಿ ಮರ್ಯಾದಿ ಅದ. ನಿನ್ನ ಪಾಲಿಂದೂ ನಾನೇ ಕೊಡಬೇಕು."

"ಅವಕ್ಕ ಹೊಟ್ಟಿ ತುಂಬಿದ್ರ ನಂದು ಯಾಕ ಕಚ್ತಾವ?"

"ಹಸ್ಗೊಂಡವರಿಗೆ ರಬ್ಬರ್ ತೋರಸ್ತಿ ಏನು? ನಾಚಿಕಿಲ್ಲ?"

ಕಾಕಾ ಇಡೀ ಬೋಗುಣಿಯನ್ನೇ ಅಣ್ಣನ ಸುತ್ತ ಖಾಲಿ ಮಾಡಿದ. ಬೆರಳುದ್ದದ ಬಿಳಿ ಮೀನುಗಳು ಎಲ್ಲಿಂದಲೋ ಬಂದು ಮುತ್ತಿದವು. ಕಯಾಕ್‌ನ ಸುತ್ತ ನೀರು ಕುದಿಯತೊಡಗಿತು. ಅಣ್ಣ ಕೊನೆಗೆ ಕೈ ಮುಗಿದು, ದಂಡೆಯ ಕಲ್ಲಿನಿಂದ ಜಾಲಿ ಗಿಡದ ತನಕ ಗೆರೆ ತೋರಿಸಿ, ಇತ್ತ ನಂದು ಅತ್ತ ನಿಂದು ಎಂದು ಹೊಳೆಯನ್ನೇ ಪಾಲು ಮಾಡಿಕೊಂಡ. ಇಬ್ಬರೂ ಬೆನ್ನು ತಿರುಗಿಸಿ ಕೂತರು.

ಕಾಕಾ ಗಾಳಕ್ಕೆ ಎರೆಹುಳು ಚುಚ್ಚಲು ನನ್ನನ್ನು ಬಿಡಲಿಲ್ಲ. ಹಲ್ಲಿನಲ್ಲಿ ದಾರ ಕಚ್ಚಿ, ಎಡಗೈಯಲ್ಲಿ ತಾನೇ ಚುಚ್ಚಿದ. ಮೀನು ಬಂದವು. ಅದನ್ನು ನಾನು ಕಣ್ಣಾರೆ ಕಂಡೆ. ದಾರ ಅದುರಿದಾಗ ಎಳೆಯಲು ಅವನ ಬಲಭುಜ ಮೊದಲು ಎದ್ದಿತು, ಕೈ ಏಳಲಿಲ್ಲ. ಎಡಗೈಗೆ ನೆನಪಾಗುವಷ್ಟರಲ್ಲಿ ಮೀನು ಹುಳ ತಿಂದು ಹೋಗಿತ್ತು. ಮತ್ತೆ ಹಾಗೆಯೇ. ಮತ್ತೂ ಹಾಗೆಯೇ. ನಾನು ದಾರಕ್ಕೆ ಕೈ ಚಾಚಿದೆ.

"ಬ್ಯಾಡ, ಯವ್ವಾ. ನೀ ಎಳದ್ರ ನಿನ್ನ ಮೀನಾಗ್ತದ. ಮದಿಮಗಳು ತನ್ನ ಬೀಗರ ಮೀನ ತಾನೇ ಹಿಡಿದ್ಲಂತ ಸನ್ನತಿ ತನಕಾ ನಗ್ತಾರ."

"ನಗಲಿ ಬಿಡು."

"ನನ್ನ ನೋಡಿ ನಗ್ತಾರ, ನಿನ್ನಲ್ಲ," ಎಂದ ಕಾಕಾ. ನಾನು ಕೈ ಹಿಂದೆಗೆದೆ. ಹುಳಗಳೆಲ್ಲ ಮುಗಿದವು. ಮಡುವಿನ ಮೀನುಗಳು ಇಷ್ಟು ಚೆನ್ನಾಗಿ ಉಂಡ ದಿನ ಇನ್ನೊಂದಿರಲಿಕ್ಕಿಲ್ಲ. ಕಾಕಾ ಖಾಲಿ ಡಬ್ಬಿಯನ್ನು ನೀರಿನಲ್ಲಿ ತೊಳೆಯುತ್ತ ಕೂತ. ನನಗೆ ಅಳು ಬಂತು. ಹುಟ್ಟು ಹಿಡಿದವರಿಗೆ ಕಣ್ಣೊರೆಸಲು ಕೈ ಇರುವುದಿಲ್ಲ, ಬೆವರಿನ ಜೊತೆ ಬಿಟ್ಟುಬಿಟ್ಟೆ.

ಆ ಕಡೆ ಅಣ್ಣ ರಬ್ಬರ್ ಎಸೆದು ಎಸೆದು ಒಂದು ಚಪ್ಪಲಿ, ಜೊಂಡು, ಒಂದು ಸಿಮೆಂಟ್ ಚೀಲ ಹಿಡಿದಿದ್ದ. ಚೀಲ ಅವನದೇ ಕಾರ್ಖಾನೆಯದು, ಅವನೇ ತುಂಬಿದ್ದೂ ಇರಬಹುದು. ಕೊನೆಗೆ ಹತಾಶನಾಗಿ ಜಾಲಿ ಗಿಡದ ಬುಡಕ್ಕೆ ಸರಿದ. ಗಾಳಿ ತುಂಬಿದ ದೋಣಿಯನ್ನು ಜಾಲಿ ಗಿಡದ ಹತ್ತಿರ ಒಯ್ಯುವ ಬುದ್ಧಿ ನಮ್ಮ ಮನೆಯವರಿಗೆ ಮಾತ್ರ ಬರುತ್ತದೆ. ಮುಳ್ಳು ಹೊಕ್ಕು ಸುಸ್ಸೆಂದಿತು. ಅದೇ ಗಳಿಗೆಯಲ್ಲಿ ಅವನ ಗಾಳದ ಕೋಲು ಬಿಲ್ಲಿನ ಹಾಗೆ ಬಾಗಿತು.

"ಬಿತ್ತು," ಎಂದು ಅಣ್ಣ ಕೂಗಿದ. ಮೀನು ಬಿತ್ತೋ ತಾನು ಬಿದ್ದನೋ ಹೇಳುವ ಹಾಗಿರಲಿಲ್ಲ. ಕಯಾಕ್‌ನ ಒಂದು ಬದಿ ಹಪ್ಪಳವಾಗಿ ಅವನು ವಾಲಿ ವಾಲಿ ನೀರಿಗಿಳಿದ. ಕೋಲು ಮಾತ್ರ ಬಿಡಲಿಲ್ಲ. ನಾನು ಹುಟ್ಟು ಹಾಕಿದೆ. ಹರಗೋಲು ಎರಡು ಸುತ್ತು ತಿರುಗಿ ಅವನನ್ನು ತಲುಪಿತು. ಕಾಕಾ ಎಡಗೈಯಲ್ಲಿ ಜಾಕೀಟಿನ ಕತ್ತುಪಟ್ಟಿ ಹಿಡಿದು ಅವನನ್ನು ಒಳಗೆಳೆದ. ಹಿಂದಿನಿಂದ ಮೀನೂ ಬಂತು. ಒಳ್ಳೆಯ ಕೊರಮೀನು, ಮೊಣಕೈಯಷ್ಟು ಉದ್ದ, ಹಾವಿನಂಥ ತಲೆ. ಬಾಯಲ್ಲಿ ರಬ್ಬರ್ ಮೀನು ಕಣ್ಣು ಬಿಟ್ಟುಕೊಂಡು ನಗುತ್ತಿತ್ತು.

ನಾನು ಕಾಕಾನ ಮುಖ ನೋಡಿದೆ. ಗಾಳ ಬಿಡಿಸಿ, ಮೀನನ್ನು ಒದ್ದೆ ಗೋಣಿಯಲ್ಲಿ ಸುತ್ತಿ, "ಛಲೋ ಮೀನ ಹಿಡದಿ, ತಮ್ಮಾ," ಎಂದ. ಹಸಿದ ಮೀನಿನ ಮಾತು ಎತ್ತಲಿಲ್ಲ. ದಾರಿಯುದ್ದಕ್ಕೂ ಅಣ್ಣ ಅವನ ಬಾಯಿಂದ ಒಂದು ಬೈಗುಳಕ್ಕೆ ಕಾದ. ಬರಲಿಲ್ಲ.

ಬೀಗರು ಹೇಳಿದ ಹೊತ್ತಿಗಿಂತ ಮೊದಲೇ ಜೀಪು ಮಾಡಿಕೊಂಡು ಬಂದುಬಿಟ್ಟರು. ಅಣ್ಣನ ಜಾಕೀಟು ಇನ್ನೂ ಸೋರುತ್ತಿತ್ತು. ನಾನು ಒಳಕೋಣೆಯಲ್ಲಿ ಕೆಸರು ಕಾಲು ಸೀರೆಯಡಿ ಮುಚ್ಚಿಕೊಂಡು ಕೂತಿದ್ದೆ. ಅಲ್ಲಿಂದ ಒಂದು ಕಡೆ ಹಿತ್ತಿಲು, ಇನ್ನೊಂದು ಕಡೆ ತಲೆಬಾಗಿಲು ಕಾಣುತ್ತದೆ. ಹಿರಿಯ ಬೀಗರು, ಅಂದರೆ ಮುಂದೆ ನನ್ನ ಮಾವನಾದವರು, ಕೈಕಾಲು ತೊಳೆದು ಪದ್ಧತಿಯಂತೆ ಮೀನು ನೋಡಲು ನೇರ ಹಿತ್ತಿಲಿಗೆ ಹೋದರು. ಅವರ ಹಿಂದೆ ಅವರ ಕಡೆಯವರೆಲ್ಲ ಹೋದರು. ತಲೆಬಾಗಿಲಲ್ಲಿ ಉಳಿದವನು ಕಾಕಾ ಒಬ್ಬನೇ. ಬಗ್ಗಿ, ಬೀಗರ ಚಪ್ಪಲಿಗಳನ್ನು ಎಡಗೈಯಿಂದ ಒಂದೊಂದಾಗಿ ಜೋಡಿಸುತ್ತಿದ್ದ. ಅಂದಂತೆಯೇ ಮಾಡುತ್ತಿದ್ದ.

ಹಿತ್ತಿಲಲ್ಲಿ ಅವ್ವ ಶಹಾಬಾದ್ ಕಲ್ಲಿನ ಮೇಲೆ ಬೂದಿ ಉದುರಿಸಿ ಮೀನಿನ ಹೊಟ್ಟೆ ಸೀಳಿದಳು. ಒಳಗೊಂದು ಬೆರಳುದ್ದದ ಬಿಳಿ ಮೀನು ಇಡಿಯಾಗಿತ್ತು. ಮಾವ ಕುಕ್ಕರುಗಾಲಲ್ಲಿ ಕೂತು ಅದನ್ನೆತ್ತಿ ಹೆಬ್ಬೆರಳಿನಿಂದ ಹೊಟ್ಟೆ ಒತ್ತಿದರು. ಹಿಟ್ಟು ಬಂತು.

"ಜ್ವಾಳದ ಹಿಟ್ಟು. ಶೇಂಗಾ ಹಿಂಡಿ ಹಾಕ್ಯಾರ," ಎಂದು ಮೂಸಿ ನೋಡಿದರು. "ಮೀನ ಹಿಡದವರು ಯಾರ್ರಿ?"

"ನಾನ್ರಿ," ಎಂದ ಅಣ್ಣ.

"ಹಿಟ್ಟಿಂದ?"

"ಇಲ್ರಿ, ಇದರಿಂದ." ಅಣ್ಣ ಜಾಕೀಟಿನ ಜೇಬಿನಿಂದ ರಬ್ಬರ್ ಮೀನು ತೆಗೆದು ಕೊಟ್ಟ. ಮಾವ ಅದನ್ನು ಒತ್ತಿದರು, ಜಗ್ಗಿದರು, ಕೊನೆಗೆ ನಾಲಗೆಗೆ ಹಚ್ಚಿ ನೋಡಿದರು.

"ಉಪ್ಪೂ ಇಲ್ಲ, ಖಾರಾನೂ ಇಲ್ಲ. ಇದನ್ನ ಯಾಕ ನುಂಗಿತ್ರಿ ಅದು? ಮತ್ತ ಈ ಹಿಟ್ಟು ಯಾರದು?"

"ನಮ್ಮ ಕಾಕಾಂದ್ರಿ."

ಅಷ್ಟು ಸಾಕಾಯಿತು. ಬಂದವರೆಲ್ಲ ಹೊಳೆಯವರು, ಒಬ್ಬೊಬ್ಬರದು ಒಂದೊಂದು ವಾದ. ಹಿಟ್ಟಿಗೆ ಸಣ್ಣ ಮೀನು ಬಂತು, ಸಣ್ಣದಕ್ಕೆ ದೊಡ್ಡದು ಬಂತು, ರಬ್ಬರು ನಡುವೆ ಸುಮ್ಮನೆ ನಿಂತಿತ್ತು ಎಂದರು ಕೆಲವರು. ಸಣ್ಣ ಮೀನು ಈ ಮನೆಯಲ್ಲಿ ಉಂಡ ಅತಿಥಿ, ಅದನ್ನು ನುಂಗಿದ ದೊಡ್ಡದು ಕಳ್ಳ, ಹಾಗಾಗಿ ಹುಡುಗ ಹಿಡಿದದ್ದು ಮೀನಲ್ಲ ಕಳ್ಳನನ್ನು ಎಂದರು ಇನ್ನು ಕೆಲವರು. ಕಳ್ಳನ ತಲೆಯನ್ನು ತಾಟಿಗೆ ಹಾಕಬಹುದೋ ಬಾರದೋ ಎಂಬ ಪ್ರಶ್ನೆ ಎದ್ದಿತು. ನನ್ನ ಮದುವೆಯ ಮಾತುಕತೆಯಲ್ಲಿ ಕೂಡ ಇಷ್ಟು ಗಂಭೀರವಾಗಿ ಯಾರೂ ವಿಚಾರ ಮಾಡಿರಲಿಲ್ಲ. ಅವ್ವ ಈಳಿಗೆ ಹಿಡಿದು, ಮಸಾಲೆ ಆರುತ್ತದೆಂದು ಗೊಣಗಿದಳು.

ಅಣ್ಣನ ಲಕ್ಷ್ಯ ಇಲ್ಲಿರಲಿಲ್ಲ. ತೆರೆದ ಬಾಗಿಲುಗಳ ಮೂಲಕ ತಲೆಬಾಗಿಲ ಕಡೆಗೆ ನೋಡುತ್ತಿದ್ದ. ಚಪ್ಪಲಿಗಳೆಲ್ಲ ಸಾಲಾಗಿ ನಿಂತಿದ್ದವು. ಕಾಕಾ ಸಾಲನ್ನು ಮತ್ತೊಮ್ಮೆ ನೆಟ್ಟಗೆ ಮಾಡುತ್ತಿದ್ದ.

"ಕೇಳ್ರಿ," ಎಂದ ಅಣ್ಣ. "ತಲಿ ಎರಡವ. ಸಣ್ಣದರ ತಲಿ ನಂದು. ದೊಡ್ಡದು ಕಾಕಾಂದು."

ಮಾವ ಅಣ್ಣನನ್ನು ಒಮ್ಮೆ ನೋಡಿ, ಎದ್ದು ಹೋಗಿ, ಕಾಕಾನ ಭುಜ ಹಿಡಿದು, "ಬರ್ರಿ, ನನ್ನ ಬಾಜೂಕ ಕುಂದ್ರಿ," ಎಂದು ಕರೆದುಕೊಂಡು ಬಂದರು. ಕಾಕಾ ಬೇಡ ಬೇಡ ಎನ್ನುತ್ತಲೇ ಬಂದು ಕೂತ.

ಇಲ್ಲಿಗೆ ಎಲ್ಲ ಸುಖವಾಗಿ ಮುಗಿಯಬೇಕಿತ್ತು. ಅಡುಗೆಯಾಗಿ ಪಡಸಾಲೆಯಲ್ಲಿ ಗಂಡಸರ ಪಂಕ್ತಿ ಕೂತಾಗ ಅಣ್ಣನ ತಾಟಿನಲ್ಲಿ ಉಗುರಿನಷ್ಟು ತಲೆ, ಹುರಿದದ್ದು. ಕಾಕಾನ ತಾಟಿನಲ್ಲಿ ಸಾರಿನೊಳಗಿಂದ ಎದ್ದ ಕೊರಮೀನಿನ ತಲೆ. ಎಲ್ಲರೂ ಅವನ ಮೊದಲ ತುತ್ತಿಗೆ ಕಾದರು. ಒಳಕೋಣೆಯ ಬಾಗಿಲಿಂದ ನೋಡುತ್ತಿದ್ದ ನನಗೆ ಆಗ ಹೊಳೆಯಿತು, ಬೆಳಿಗ್ಗೆಯಿಂದ ಅವನು ಅಂಜಿದ್ದು ಮೀನು ಸಿಗದೆ ಹೋಗುವುದಕ್ಕಷ್ಟೇ ಅಲ್ಲ, ಸಿಕ್ಕು ಇಲ್ಲಿ ಬಂದು ಕೂಡುವುದಕ್ಕೂ. ಬಲಗೈ ತೊಡೆಯ ಮೇಲೆ ಮಲಗಿತ್ತು. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ.

"ನಂಗ ಹಸಿವಿಲ್ರಿ. ನೀವು ಸುರು ಮಾಡ್ರಿ," ಎಂದ.

ಯಾರೂ ಸುರು ಮಾಡಲಿಲ್ಲ. ಮಾವ ತಮ್ಮ ತಾಟು ನೋಡುತ್ತ ಕೂತರು. ಗೋಡೆಯ ಆಚೆ ಅವ್ವನ ಬಳೆ ಸದ್ದು ನಿಂತಿತು.

ಮದುಮಗಳು ಗಂಡಸರ ಪಂಕ್ತಿಗೆ ಬರಬಾರದು. ನಾನು ಬಂದೆ. ಕೆಸರು ಕಾಲು ಕಂಡವು, ಕಾಣಲಿ. ಕಾಕಾನ ಎದುರು ಕೂತು, ಜೋಳದ ರೊಟ್ಟಿ ಮುರಿದು, ತಲೆಯ ಕೆನ್ನೆಯ ಮಾಂಸ ಬಿಡಿಸಿ, ಸಾರಿನಲ್ಲಿ ಅದ್ದಿ ಅವನ ಬಾಯಿಯ ಹತ್ತಿರ ಹಿಡಿದೆ. ಅವನು ತಾಟು ಸರಿಸಿ ಎದ್ದುಬಿಟ್ಟರೆ ಎಂಬ ಅಂಜಿಕೆಯಿತ್ತು. ಇದ್ದಷ್ಟು ಧೈರ್ಯದಿಂದ ಹೇಳಿದೆ: "ಉಣ್ಣು ಕಾಕಾ. ಉಂಡು ಹೋಗು."

ಅವನು ನನ್ನ ಮುಖ ನೋಡಿದ. ಕಣ್ಣು ತುಂಬಿದ್ದವು, ಆದರೆ ತುಟಿಯ ಅಂಚಿನಲ್ಲಿ ಅವನ ಹಳೆಯ ತುಂಟತನ ಬಂದು ಕೂತಿತು.

"ಒಳಗ ಗಾಳ ಇಲ್ಲಲ್ಲ?" ಎಂದು ಕೇಳಿದ.

"ಇಲ್ಲ ಕಾಕಾ," ಎಂದೆ.

ಕಾಕಾ ಬಾಯಿ ತೆರೆದ.